ಕಲಬುರಗಿ ಕಡೆ ನಡೆಯೋಕೆ ಬರ್ತೀರಾ? ಚಿಂಚೋಳಿ ಕಾಡು, ಶಹಾಪುರದ ಗುಡ್ಡ, ಬೀದರಿನ ಕೆಂಪು ನೆಲ: ಯಾವುದು ಯಾರಿಗೆ

ಅಕ್ಕನ ಮಗ ಬೆಂಗಳೂರಿಂದ ಫೋನ್ ಮಾಡಿದ್ದ. "ಮಾಮಾ, ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಬರ್ತೀವಿ. ನಿಮ್ಮ ಕಡೆ ಟ್ರೆಕ್ ಮಾಡೋಕೆ ಏನಾದ್ರೂ ಇದೆಯಾ?" ಪಕ್ಕದಲ್ಲೇ ತೊಗರಿ ಆರಿಸುತ್ತಾ ಕೂತಿದ್ದ ನಮ್ಮವ್ವ ನಕ್ಕುಬಿಟ್ಟಳು. "ಗುಡ್ಡ ಹತ್ತಾಕ ಬೆಂಗಳೂರಿಂದ ಇಲ್ಲಿಗೆ ಬರ್ತಾರಂತಾ? ಅಲ್ಲೇನ್ ಗುಡ್ಡ ಇಲ್ಲೇನು?"

ಅಲ್ಲಿ ಗುಡ್ಡಕ್ಕೇನೂ ಬರ ಇಲ್ಲ. ಆದರೆ ಜನ ಜಾಸ್ತಿ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಮಂದಿ ಸಾಲುಗಟ್ಟಿ ನಿಂತ ಫೋಟೋ ನೀವೂ ನೋಡಿರಬೇಕು. ಆಮೇಲೆ ಘಟ್ಟದ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನೋ ಲೆಕ್ಕ ಎಲ್ಲ ಬಂತು. ಅಲ್ಲಿ ಟಿಕೆಟ್ ಸಿಗದವರು, ಸಿಕ್ಕರೂ ಆ ಗದ್ದಲ ಬೇಡ ಅನ್ನುವವರು ಈಗ ನಮ್ಮ ಕಡೆ ನೋಡುತ್ತಿದ್ದಾರೆ. ಬರಲಿ. ಆದರೆ ಘಟ್ಟದ ಲೆಕ್ಕ ಇಟ್ಟುಕೊಂಡು ಬಂದರೆ ಮೋಸ ಹೋಗುತ್ತಾರೆ. ಇಲ್ಲಿ ಹತ್ತಿದಷ್ಟೂ ಹತ್ತಬಹುದಾದ ಶಿಖರ ಇಲ್ಲ. ಬಾಣದ ಗುರುತಿನ ಬೋರ್ಡ್ ಇಲ್ಲ. ಇರುವ ಕಾಲುದಾರಿಗಳನ್ನು ದನ, ಆಡು ಮತ್ತು ಅವುಗಳ ಹಿಂದೆ ನಡೆದವರು ಮಾಡಿದ್ದು. ದಾರಿ ಎರಡಾಗಿ ಸೀಳಿದರೆ ಕೇಳೋಕೆ ಒಬ್ಬ ಕುರಿ ಕಾಯುವವನಾದರೂ ಕಾಣಬೇಕು, ಇಲ್ಲ ಅಂದರೆ ನಿಮ್ಮ ಅದೃಷ್ಟ.

ಹಾಗಾಗಿ ನಾನು ಯಾರಿಗೂ "ಇಷ್ಟು ಎತ್ತರ, ಇಷ್ಟು ಕಿಲೋಮೀಟರ್" ಅಂತ ಶುರು ಮಾಡೋದಿಲ್ಲ. ಎರಡೇ ವಿಷಯ ಹೇಳ್ತೀನಿ. ಕಾಲಕೆಳಗೆ ಯಾವ ಕಲ್ಲಿದೆ? ನೀರು ಎಲ್ಲಿದೆ? ಕಲಬುರಗಿ, ಯಾದಗಿರಿ, ಬೀದರ್, ಈ ಮೂರು ಜಿಲ್ಲೆಯಲ್ಲಿ ನಡಿಗೆಯ ರುಚಿ ಬದಲಾಗೋದು ಇವೆರಡರಿಂದಲೇ.

ಬೀದರಿನಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಕಪ್ಪು ಕಲ್ಲು. ಆ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ್ದು. ಅದು ಕಲಬುರಗಿ ಜಿಲ್ಲೆಯ ಉತ್ತರಕ್ಕೂ ಹಬ್ಬಿದೆ, ನಮ್ಮ ಎರೆಮಣ್ಣು ಅದರಿಂದಲೇ ಆಗಿದ್ದು. ಭೀಮೆಯ ಬಯಲಲ್ಲಿ ಶಹಾಬಾದ್ ಬಂಡೆ ಸಿಗುವ ಸುಣ್ಣದಕಲ್ಲಿನ ಪದರ. ಯಾದಗಿರಿ, ಶಹಾಪುರ, ಸುರಪುರದ ಕಡೆ ಹೋದರೆ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ಒಂದೇ ದಿನದ ಬಸ್ಸಿನ ದಾರಿಯಲ್ಲಿ ಇಷ್ಟು ಬದಲಾಗುತ್ತದೆ. ಕಿಟಕಿ ಪಕ್ಕ ಕೂತರೆ ಸಾಕು, ಗೊತ್ತಾಗುತ್ತೆ.

ಚಿಂಚೋಳಿ: ಎರಡು ದಿನ ಇದ್ದವರಿಗೆ

"ಕಾಡು" ಅನ್ನೋ ಪದಕ್ಕೆ ನಮ್ಮಲ್ಲಿ ನಿಜವಾದ ಅರ್ಥ ಸಿಗೋದು ಚಿಂಚೋಳಿ–ಕುಂಚಾವರಂ ಕಡೆ. 2011ರಲ್ಲಿ ಇದು ವನ್ಯಜೀವಿಧಾಮ ಆಯಿತು, ಸುಮಾರು 135 ಚದರ ಕಿಲೋಮೀಟರ್. ಒಣ ಕಾಡು. ತೇಗ, ಮುತ್ತುಗ, ಅಲ್ಲಲ್ಲಿ ಶ್ರೀಗಂಧ, ಎಲ್ಲೆಂದರಲ್ಲಿ ಸೀತಾಫಲದ ಪೊದೆ. ಮಧ್ಯದಲ್ಲಿ ಚಂದ್ರಂಪಳ್ಳಿ ಜಲಾಶಯ. ಸುತ್ತ ಲಂಬಾಣಿ ತಾಂಡಾಗಳು. ತೆಲಂಗಾಣದ ಗಡಿ ಕೂಗಳತೆಯಲ್ಲಿ ಇರೋದರಿಂದ ಒಂದೇ ಚಹಾದಂಗಡಿಯಲ್ಲಿ ಕನ್ನಡ, ತೆಲುಗು, ಲಂಬಾಣಿ, ದಖನಿ ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ.

ಇಲ್ಲಿ ಹುಲಿ, ಆನೆ ಕೇಳಬೇಡಿ. ತೋಳ, ಕತ್ತೆಕಿರುಬ, ನರಿ, ಕೊಂಡಗುರಿ (ನಾಲ್ಕು ಕೊಂಬಿನ ಹುಲ್ಲೆ) ಇಂಥವುಗಳ ಕಾಡು ಇದು. ಎಲ್ಲವೂ ಮನುಷ್ಯನ ನೆರಳು ಕಂಡರೆ ಸರಿದು ಹೋಗುವ ಪ್ರಾಣಿಗಳು. ಕಣ್ಣಿಗೆ ಬೀಳೋದು ಅಪರೂಪ, ಗುರುತು ಮಾತ್ರ ಎಲ್ಲ ಕಡೆ. ಒಮ್ಮೆ ಜಲಾಶಯದ ಹಿನ್ನೀರಿನ ಅಂಚಿನಲ್ಲಿ ಅರಣ್ಯ ಇಲಾಖೆಯ ವಾಚರ್ ಒಬ್ಬರ ಜೊತೆ ನಡೆಯುತ್ತಿದ್ದೆ. ದಾರಿ ನಡುವೆ ಸುಣ್ಣದ ಉಂಡೆಗಳಂತೆ ಏನೋ ಬಿದ್ದಿತ್ತು. ನಾನು ದಾಟಿ ಹೋಗಿಬಿಟ್ಟಿದ್ದೆ, ಅವರು ನಿಂತರು. ಕಡ್ಡಿಯಿಂದ ಒಂದನ್ನು ಒಡೆದರು. ಒಳಗೆ ಪುಡಿಪುಡಿ, ನಡುವೆ ಒಂದಿಷ್ಟು ಕೂದಲು. "ಕತ್ತೆಕಿರುಬದ್ದು ರೀ. ಎಲುಬು ಕಡಕೊಂಡು ತಿಂತದಲ್ಲ, ಅದಕ್ಕ ಒಣಗಿದ ಮ್ಯಾಲ ಹಿಂಗ ಬೆಳ್ಳಗಾಗ್ತದ." ಅಲ್ಲಿಂದ ಹತ್ತು ಹೆಜ್ಜೆ ಮುಂದೆ ಹಸಿ ಮಣ್ಣಿನಲ್ಲಿ ಸಣ್ಣ ಗೊರಸಿನ ಗುರುತು, ಅದರ ಮೇಲೆ ಕೊಕ್ಕರೆಯ ಪಾದ. ಯಾರು ಮೊದಲು ನೀರಿಗೆ ಬಂದರು, ಯಾರು ಆಮೇಲೆ ಬಂದರು, ಎಲ್ಲ ಅಲ್ಲೇ ಬರೆದಿತ್ತು. ಆ ದಿನ ನಾನು ಒಂದೂ ಕಾಡುಪ್ರಾಣಿ ನೋಡಲಿಲ್ಲ. ಆದರೂ ಎಲ್ಲವೂ ನಮ್ಮ ಹಿಂದೆಮುಂದೆ ಇದ್ದಂತೆಯೇ ಇತ್ತು.

ಇದೇ ಚಿಂಚೋಳಿಯ ಆಕರ್ಷಣೆ. ನಿಮಗೆ ಇದು ಸಾಕು ಅನ್ನಿಸಿದರೆ ಬನ್ನಿ. ಸಫಾರಿ ಜೀಪಿನಿಂದ ಫೋಟೋ ತೆಗೆಯಬೇಕು ಅನ್ನುವವರು ನಾಗರಹೊಳೆಗೆ ಹೋಗೋದೇ ಒಳ್ಳೆಯದು.

ಯಾವಾಗ? ಮಳೆ ಚೆನ್ನಾಗಿ ಬಿದ್ದ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎತ್ತಿಪೋತ ಜಲಪಾತ ತುಂಬಿ ಬೀಳುತ್ತದೆ, ಕಾಡು ಹಸಿರಾಗಿರುತ್ತದೆ. ಆದರೆ ಆಗ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ, ಕಾಲಿಡುವ ಜಾಗ ಕಾಣೋದಿಲ್ಲ. ಜಲಪಾತದ ಬಂಡೆ ಪಾಚಿಗಟ್ಟಿರುತ್ತದೆ. ಹಳ್ಳ ದಾಟುವಾಗ ಮೇಲ್ಗಡೆ ಎಲ್ಲೋ ಮಳೆಯಾಗಿದ್ದರೆ ನೀರು ಹೇಳದೆ ಕೇಳದೆ ಏರುತ್ತದೆ. ನಡೆಯೋಕೆ ನನ್ನ ಆಯ್ಕೆ ನವೆಂಬರ್ ಕೊನೆಯಿಂದ ಜನವರಿ. ಫೆಬ್ರವರಿ ಬಂದರೆ ತೇಗದ ಎಲೆ ಉದುರಿ ದಾರಿ ತುಂಬ ಹಪ್ಪಳ ಹಾಸಿದಂತೆ ಆಗಿರುತ್ತದೆ. ಹೆಜ್ಜೆ ಇಟ್ಟರೆ ಅರ್ಧ ಕಾಡಿಗೆ ಕೇಳಿಸುತ್ತದೆ. ಪ್ರಾಣಿ ನೋಡುವ ಆಸೆ ಅಲ್ಲಿಗೆ ಮುಗಿಯಿತು. ಆದರೆ ಮುತ್ತುಗ ಅರಳೋದೂ ಆಗಲೇ. ಎಲೆಯೇ ಇಲ್ಲದ ಮರದ ತುಂಬ ಕಿತ್ತಳೆ ಹೂವು. ಅದಕ್ಕೋಸ್ಕರ ನಾನು ಒಮ್ಮೆ ಬಿಸಿಲು ಲೆಕ್ಕಿಸದೆ ಹೋಗಿದ್ದೂ ಇದೆ.

ವನ್ಯಜೀವಿಧಾಮ ಆದ್ದರಿಂದ ಅನುಮತಿ ಬೇಕೇ ಬೇಕು. ಅರಣ್ಯ ಕಚೇರಿಯಲ್ಲಿ ಮೊದಲೇ ಮಾತಾಡಿ, ಜೊತೆಗೆ ಒಬ್ಬರನ್ನು ಕಳಿಸಿ ಅಂತ ಕೇಳಿ. ನಾನು ಒಮ್ಮೆ ಭಾನುವಾರ ಸುಮ್ನೆ ಹೋಗಿಬಿಟ್ಟೆ, ನಮ್ಮ ಜಿಲ್ಲೆ ತಾನೇ ಅನ್ನೋ ಧಿಮಾಕು. ಒಳಗೆ ಬಿಡಲಿಲ್ಲ. ಊರಲ್ಲಿ ಮಿರ್ಚಿ ಭಜ್ಜಿ ತಿಂದು ವಾಪಸ್ ಬಂದೆ. ತಪ್ಪು ನನ್ನದೇ. ಕಲಬುರಗಿಯಿಂದ ಎಂಬತ್ತು ಚಿಲ್ಲರೆ ಕಿಲೋಮೀಟರ್, ಹೋಗಿ ಬರೋದರಲ್ಲೇ ಒಂದು ದಿನದ ಅರ್ಧ ಮುಗಿಯುತ್ತೆ. ರಾತ್ರಿ ಆ ಕಡೆ ಉಳಿಯುವ ವ್ಯವಸ್ಥೆ ಮಾಡಿಕೊಂಡರೆ ಮಾತ್ರ ಬೆಳಗಿನ ಆರು ಗಂಟೆಯ ಕಾಡು ಸಿಗೋದು.

ಶಹಾಪುರ: ಒಂದೇ ದಿನ ಇದ್ದರೆ

ಜೇವರ್ಗಿ ದಾಟಿ ಶಹಾಪುರದ ಕಡೆ ಬರುವಾಗ ಬಸ್ಸಿನಲ್ಲಿ ಯಾರಾದರೂ ಒಬ್ಬರು ಕೈ ತೋರಿಸಿಯೇ ತೋರಿಸುತ್ತಾರೆ. "ಅಲ್ಲಿ ನೋಡ್ರಿ, ಬುದ್ಧ ಮಲಗ್ಯಾನ." ಹಣೆ, ಮೂಗು, ತುಟಿ, ಎದೆ, ಬಯಲಿನ ಅಂಚಿನಲ್ಲಿ ಆಕಾಶ ನೋಡುತ್ತಾ ಮಲಗಿದ ಆಕೃತಿ. ಬೇರೆ ಬೇರೆ ಗುಡ್ಡಗಳು ಒಂದೇ ಕೋನದಿಂದ ಸೇರಿ ಆಗುವ ಚಿತ್ರ ಅದು. ತಮಾಷೆ ಅಂದರೆ, ಗುಡ್ಡದ ಹತ್ತಿರ ಹೋದಂತೆ ಬುದ್ಧ ಕರಗಿಹೋಗುತ್ತಾನೆ. ಬುಡಕ್ಕೆ ಬಂದಾಗ ಬರೀ ಬಂಡೆ. ನನ್ನ ಸ್ನೇಹಿತನೊಬ್ಬ "ಮೂಗಿನ ಮೇಲೆ ನಿಂತು ಫೋಟೋ ತೆಗೀಬೇಕು" ಅಂತ ಹೊರಟಿದ್ದ. ಮೂಗು ಯಾವುದು ಅಂತ ಇವತ್ತಿಗೂ ನಮಗೆ ಜಗಳ.

ಇಲ್ಲಿನ ನಡಿಗೆ ಚಿಂಚೋಳಿಗಿಂತ ಪೂರ್ತಿ ಬೇರೆ. ನೆರಳಿಲ್ಲ, ಮಣ್ಣಿಲ್ಲ. ಒಂದರ ಮೇಲೊಂದು ಕೂತ ಗುಂಡುಗಳು, ನಡುವೆ ಸಂದಿ, ಸಂದಿಯಲ್ಲಿ ಮುಳ್ಳು. ಕೈ ಕಾಲು ಎರಡೂ ಬಳಸಬೇಕು. ಅಂಗೈ ಸಿಪ್ಪೆ ಹೋದಂತೆ ಆಗುತ್ತೆ, ಆದರೆ ಗ್ರಾನೈಟ್ ಮೇಲೆ ಶೂ ಹಿಡಿದುಕೊಳ್ಳುವಷ್ಟು ಚೆನ್ನಾಗಿ ಬೇರೆ ಯಾವ ಕಲ್ಲಿನ ಮೇಲೂ ಹಿಡಿಯೋದಿಲ್ಲ. ಮೇಲೆ ನಿಂತರೆ ಕಾಣುವ ಬಯಲು ಇದೆಯಲ್ಲ, ಅದಕ್ಕೇ ಇಲ್ಲಿಗೆ ಬರಬೇಕು. ಘಟ್ಟದಲ್ಲಿ ಮಂಜು ಸರಿಯಲಿ ಅಂತ ಕಾಯಬೇಕು. ಇಲ್ಲಿ ಡಿಸೆಂಬರ್ ಬೆಳಿಗ್ಗೆ ಏಳಕ್ಕೆ ನಿಂತರೆ ಹತ್ತಿ ಹೊಲ, ಭತ್ತದ ಗದ್ದೆ, ಕೆರೆ, ಊರಿನ ಹೊಗೆ, ಅದರಾಚೆ ಇನ್ನೊಂದು ಊರಿನ ಹೊಗೆ, ಎಲ್ಲ ಒಂದೇ ನೋಟಕ್ಕೆ.

ಏಳು ಗಂಟೆ ಅಂದೆನಲ್ಲ, ಅದು ಅಲಂಕಾರಕ್ಕೆ ಹೇಳಿದ್ದಲ್ಲ. ಕೆಲವು ವರ್ಷದ ಹಿಂದೆ ಫೆಬ್ರವರಿ ಕೊನೆಯಲ್ಲಿ ನಾವು ಮೂವರು ಹತ್ತಲು ಶುರು ಮಾಡಿದ್ದು ಎಂಟೂವರೆಗೆ. ತಲೆಗೆ ಒಂದೊಂದು ಬಾಟಲಿ ನೀರು. ಇಳಿಯುವಾಗ ಒಂದು ಸಂದಿ ತಪ್ಪಿದೆವು. ಹನ್ನೊಂದರ ಹೊತ್ತಿಗೆ ಬಂಡೆ ಕಾದು ಕೈ ಇಡೋಕೆ ಆಗುತ್ತಿರಲಿಲ್ಲ. ನೀರು ಖಾಲಿ. ಗ್ರಾನೈಟ್ ಬರೀ ಕಾಯೋದಿಲ್ಲ, ಕಾದಿದ್ದನ್ನು ಮುಖಕ್ಕೆ ವಾಪಸ್ ಹೊಡೆಯುತ್ತದೆ. ಕೆಳಗಿನಿಂದ ಒಂದು ದನಿ ಬಂತು. "ಕಾಕಾ, ಆ ಕಡೆ ದಾರಿ ಇಲ್ಲ. ಆಡು ಅಷ್ಟೇ ಹೋಗ್ತಾವ." ಹದಿನಾಲ್ಕು ಹದಿನೈದರ ಹುಡುಗ, ಕಾಲಲ್ಲಿ ಹವಾಯಿ ಚಪ್ಪಲಿ. ನಮ್ಮ ಮೂವರ ಶೂಗಳ ಬೆಲೆ ಸೇರಿಸಿದರೆ ಅವನ ನಾಲ್ಕು ಆಡು ಬರುತ್ತಿದ್ದವೇನೋ. ಅವನ ಹತ್ತಿರ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು, ಅದರ ಸುತ್ತ ಹೊಲಿದ ಗೋಣಿತಟ್ಟು. ಗೋಣಿತಟ್ಟು ಒದ್ದೆ ಇತ್ತು. ಗಾಳಿ ಬೀಸಿದಷ್ಟೂ ಒಳಗಿನ ನೀರು ತಣ್ಣಗೆ. ಕ್ಯಾನು ಎತ್ತಿ ಸುರಿದ, ನಾವು ಬೊಗಸೆ ಹಿಡಿದೆವು. ಅಂದಿನಿಂದ ಯಾರು ಕೇಳಿದರೂ ನಾನು ಹೇಳೋದು: ತಲೆಗೆ ಮೂರು ಲೀಟರ್, ಹತ್ತು ಗಂಟೆಗೆ ಕೆಳಗೆ. ಮಾರ್ಚ್‌ನಿಂದ ಮೇ ಈ ಗುಡ್ಡಗಳ ಹೆಸರೇ ಎತ್ತಬೇಡಿ.

ಇನ್ನೊಂದು ಮಾತು. ಬಂಡೆ ಸಂದಿಗೆ ನೋಡದೆ ಕೈ ಹಾಕಬೇಡಿ. ಗರಗಸ ಮಂಡಲ ಅನ್ನೋ ಹಾವು ಇಂಥ ಒಣ ಕಲ್ಲುನೆಲದ್ದೇ. ಒಂದೆರಡು ಗೇಣು ಉದ್ದ ಇರುತ್ತೆ, ಕಲ್ಲಿನ ಬಣ್ಣದ್ದೇ ಇರುತ್ತೆ, ವಿಷ ಮಾತ್ರ ಜೋರು.

ಶಹಾಪುರಕ್ಕೆ ಬಂದವರು ವಿಭೂತಿಹಳ್ಳಿಯನ್ನು ಬಿಡಬಾರದು. ಸಾವಿರಾರು ವರ್ಷದ ಹಿಂದಿನ ಜನ ಬಯಲಿನಲ್ಲಿ ಸಾಲುಸಾಲಾಗಿ ಗುಂಡು ಜೋಡಿಸಿಟ್ಟಿದ್ದಾರೆ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗುಡ್ಡ ಇಳಿದು ದಣಿದ ಕಾಲಿಗೆ ಸಪಾಟು ನೆಲದ ನಡಿಗೆ. ಸಂಜೆಗೆ ಸುರಪುರ. ಸುತ್ತ ಗುಡ್ಡಗಳ ಮಧ್ಯೆ ಬಟ್ಟಲಿನಲ್ಲಿ ಕೂತ ಊರು ಅದು. 1840ರ ದಶಕದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆ ಟೇಲರ್ ಮಂಜಿಲ್ ಇನ್ನೂ ಇದೆ. ಈ ಭಾಗದ ಹಳೆಯ ಕಲ್ಲುಗೋರಿಗಳ ಬಗ್ಗೆ ಬರೆದವನೂ ಅವನೇ. ಜಾಗ ಆರಿಸುವುದರಲ್ಲಿ ಮನುಷ್ಯ ಜಾಣ. ಗಾಳಿ ಎಲ್ಲಿ ಬೀಸುತ್ತೆ ಅಂತ ಹುಡುಕಿಯೇ ಕಟ್ಟಿಸಿದ್ದಾನೆ.

ರೈಲಿನಲ್ಲಿ ಬರುವವರಿಗೆ ಯಾದಗಿರಿ ಕೋಟೆ ಸುಲಭ. ಊರಿಗೆ ಅಂಟಿಕೊಂಡೇ ಗುಡ್ಡ ಇದೆ. ಹತ್ತಿ, ಮೇಲಿನ ಹೊಂಡ, ಬುರುಜು, ಫಿರಂಗಿ ನೋಡಿ ಇಳಿದರೆ ಅರ್ಧ ದಿನ. ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಆದರೆ ಮೇಲೆ ನಿಂತರೂ ಕೆಳಗಿನ ಆಟೋ ಹಾರ್ನ್ ಕೇಳುತ್ತೆ, ಕಾಡಿನ ಭಾವ ಬರೋದಿಲ್ಲ.

ಹುಣಸಗಿ: ಕಡಿಮೆ ಜನಕ್ಕೆ, ಆದರೆ ನನಗೆ ಇಷ್ಟ

ಇದನ್ನು ಯಾವ ಚಾರಣದ ಪಟ್ಟಿಯಲ್ಲೂ ನಾನು ನೋಡಿಲ್ಲ. ಸುರಪುರದಿಂದ ಮುಂದೆ ಹುಣಸಗಿ, ಬೈಚಬಾಳ ಕಣಿವೆ. ಸುತ್ತ ಗಿಡ್ಡ ಗುಡ್ಡ, ನಡುವೆ ಬಯಲು, ಬಯಲಿನಲ್ಲಿ ಈಗ ನಾರಾಯಣಪುರ ಕಾಲುವೆಯ ನೀರು, ಭತ್ತ. ನೋಡೋಕೆ ಏನೂ ಇಲ್ಲ ಅನ್ನಿಸುತ್ತೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಜೊತೆಗಾರರು ವರ್ಷಗಟ್ಟಲೆ ಈ ಕಣಿವೆಯನ್ನು ನಡೆದೇ ಹುಡುಕಿದರು. ಹಳೆ ಶಿಲಾಯುಗದ ಜಾಗಗಳು ಒಂದಲ್ಲ ಎರಡಲ್ಲ, ನೂರಕ್ಕೂ ಜಾಸ್ತಿ ಸಿಕ್ಕವು. ಇಸಾಂಪುರದಲ್ಲಿ ಸಿಕ್ಕಿದ್ದು ಆದಿಮಾನವರು ಸುಣ್ಣದಕಲ್ಲಿನಿಂದ ಕೈಗೊಡಲಿ ಒಡೆದು ಮಾಡುತ್ತಿದ್ದ ಕಾರ್ಖಾನೆಯೇ. ಸುಮಾರು 12 ಲಕ್ಷ ವರ್ಷದ್ದು ಅಂತ ಲೆಕ್ಕ.

ಅವರು ಇಲ್ಲೇ ಯಾಕೆ ಇದ್ದರು? ಒಡೆಯೋಕೆ ಹದವಾದ ಕಲ್ಲು ಇತ್ತು. ಬೇಸಿಗೆಯಲ್ಲೂ ಜಿನುಗುವ ಒರತೆ ಇತ್ತು. ಕಲ್ಲು ಮತ್ತು ನೀರು. ನಾನು ಮೊದಲೇ ಹೇಳಿದ ಎರಡು ಪ್ರಶ್ನೆಗಳನ್ನೇ ಅವರೂ ಕೇಳಿಕೊಂಡಿದ್ದರು ಅಷ್ಟೇ.

ನಡಿಗೆ ಸುಲಭ, ಹೊಲದ ಬದು, ಗುಡ್ಡದ ಬುಡ. ಮಳೆಗಾಲದಲ್ಲಿ ಮಾತ್ರ ಎರೆಮಣ್ಣಿಗೆ ಇಳಿಯಬೇಡಿ. ಹತ್ತು ಹೆಜ್ಜೆಗೆ ಒಂದೊಂದು ಶೂ ಎರಡು ಕಿಲೋ ಆಗುತ್ತದೆ, ಹದಿನೈದನೇ ಹೆಜ್ಜೆಗೆ ಕಾಲು ಬರುತ್ತೆ, ಶೂ ಬರೋದಿಲ್ಲ. ಕಲ್ಲು ಕಂಡರೆ ನೋಡಿ, ಅಲ್ಲೇ ಬಿಡಿ. ಜೇಬಿಗೆ ಹಾಕಿಕೊಂಡರೆ ಅದು ಬರೀ ಕಲ್ಲು, ಅಲ್ಲೇ ಇದ್ದರೆ ಅದಕ್ಕೊಂದು ಕತೆ ಇರುತ್ತೆ. ಮತ್ತೆ, ಬೆಳೆ ಇರುವ ಹೊಲಕ್ಕೆ ಕಾಲಿಡುವ ಮುಂಚೆ ಕೇಳಿ. ಕೇಳಿದರೆ ಬೇಡ ಅಂದವರನ್ನು ನಾನು ಕಂಡಿಲ್ಲ. ಹಸಿ ಶೇಂಗಾ ಕೈಗೆ ಕೊಟ್ಟು ಕಳಿಸಿದ್ದಾರೆ.

ಬೀದರ್: ಮನೆಮಂದಿಯೆಲ್ಲ ಬಂದರೆ

ಬೀದರ್ ಎತ್ತರದ ಬಯಲಿನ ಮೇಲಿದೆ, ಆದ್ದರಿಂದ ಕಲಬುರಗಿಗಿಂತ ತಂಪು. ಚಳಿಗಾಲದಲ್ಲಿ ಸ್ವೆಟರ್ ನಿಜವಾಗಿಯೂ ಬೇಕು. 2017ರಲ್ಲಿ ಕಲಬುರಗಿ–ಬೀದರ್ ರೈಲುಮಾರ್ಗ ಶುರುವಾದ ಮೇಲೆ ಹೋಗೋದು ಸುಲಭವಾಗಿದೆ, ರೈಲಿನ ಹೊತ್ತು ಮಾತ್ರ ಮೊದಲೇ ನೋಡಿಕೊಳ್ಳಿ.

ಜಂಬಿಟ್ಟಿಗೆ ಕಲ್ಲಿನ ತುಂಬ ತೂತು. ಮಳೆ ನೀರು ಸೀದಾ ಕೆಳಗಿಳಿಯುತ್ತದೆ. ಕೆಳಗಿನ ಕಪ್ಪು ಕಲ್ಲು ತಡೆಯುತ್ತದೆ. ನೀರು ಅಡ್ಡಡ್ಡ ಹರಿದು ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಪಾಪನಾಶ, ಗುರುನಾನಕ್ ಝೀರಾ, ನರಸಿಂಹ ಝರಣಿ, ಇವೆಲ್ಲ ನೀರಿನ ಜಾಗಗಳೇ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ಸುರಂಗದೊಳಗೆ ನಡೆದು ದೇವರನ್ನು ನೋಡಬೇಕು, ಮೇಲೆ ಬಾವಲಿಗಳು. ಹೋಗುವ ಮುಂಚೆ ಒಳಗೆ ಬಿಡುತ್ತಿದ್ದಾರಾ ಅಂತ ವಿಚಾರಿಸಿ. ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ಇದೇ ನೀರನ್ನು ನೆಲದೊಳಗೇ ದೂರದವರೆಗೆ ಹರಿಸಲು ತೋಡಿದ ಕಾಲುವೆ. ನೆಲದ ಮೇಲೆ ಬಾವಿಬಾಯಿಗಳ ಸಾಲು ಹಿಡಿದು ನಡೆದರೆ ಕೆಳಗೆ ನೀರು ಯಾವ ಕಡೆ ಹೋಗುತ್ತಿತ್ತು ಅಂತ ತಿಳಿಯುತ್ತದೆ. ನನ್ನ ಲೆಕ್ಕದಲ್ಲಿ ಇದು ಬೀದರಿನ ಒಳ್ಳೆಯ ನಡಿಗೆ, ಕೋಟೆಗಿಂತಲೂ.

ಕಾಡು ಬೇಕು ಅಂದರೆ ಹೊನ್ನಿಕೇರಿ ಇದೆ, ಚಿಕ್ಕದು. ಚಿಗರಿ, ಅಂದರೆ ಕೃಷ್ಣಮೃಗ, ನೋಡೋಕೆ ಕಾಡಿಗೇ ಹೋಗಬೇಕಂತಿಲ್ಲ. ಬೀದರ್ ಸುತ್ತಿನ ಬಯಲಲ್ಲಿ, ಕಡಲೆ ಹೊಲದ ಅಂಚಲ್ಲಿ ಬೆಳಿಗ್ಗೆ ಹೊತ್ತು ಹಿಂಡು ಕಾಣುತ್ತದೆ. ಗಂಡು ಚಿಗರಿ ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೊಂಬು. ಓಡಿಸಿಕೊಂಡು ಹೋಗಬೇಡಿ, ಕೂತು ನೋಡಿ. ಸಂಜೆ ಅಷ್ಟೂರಿನ ಬಹಮನಿ ಸುಲ್ತಾನರ ಗೋರಿ ಗುಮ್ಮಟಗಳವರೆಗೆ ನಡೆದುಹೋಗಿ, ಊರಿಂದ ಹೆಚ್ಚು ದೂರ ಇಲ್ಲ. ದಾರಿಯಲ್ಲೇ ಚೌಖಂಡಿ, ಸೂಫಿ ಸಂತರೊಬ್ಬರ ಗೋರಿ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಬೀದರ್ ಬಿಟ್ಟು ಬೇರೆ ಹೇಳೋದಿಲ್ಲ ನಾನು. ಒಬ್ಬರೇ ಇರಬೇಕು ಅಂತ ಬಂದವರಿಗೆ ಮಾತ್ರ ಬೀದರ್ ಸಾಲದು.

ಉಳಿದದ್ದು ಬೇಗ ಹೇಳ್ತೀನಿ. ಗುರುಮಠಕಲ್ ಕಡೆಯ ಚಿಂತನಹಳ್ಳಿ ಜಲಪಾತ ಮಳೆಗಾಲದಲ್ಲಿ ಮಾತ್ರ, ಆಮೇಲೆ ಬರೀ ಗವಿ ಮತ್ತು ಗುಡಿ. ಬೋನಾಳ ಕೆರೆ ಹಕ್ಕಿ ನೋಡುವವರಿಗೆ, ನಡೆಯುವವರಿಗಲ್ಲ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಗೊಳ್ಳಿ, ಎರಡು ದಿನ ಇಟ್ಟರೂ ಕೆಡೋದಿಲ್ಲ. ಬ್ರೆಡ್ಡು ಜಾಮ್ ಬಿಸಿಲಿಗೆ ಗೊಜ್ಜಾಗುತ್ತೆ.

ಅಕ್ಕನ ಮಗನಿಗೆ ಇಷ್ಟೆಲ್ಲ ಹೇಳಿದೆ. ಎಲ್ಲ ಕೇಳಿ "ಮಾಮಾ, ಮೂರೂ ಮಾಡಿದ್ರೆ ಹೇಗೆ?" ಅಂದ. ಮೂರು ದಿನದಲ್ಲಿ ಮೂರು ಜಿಲ್ಲೆ! ಕಾರಿನಲ್ಲಿ ಕೂತಿದ್ದೇ ಜಾಸ್ತಿ ಆಗುತ್ತೆ ಅಂದೆ. ಕೊನೆಗೆ ಮೊದಲ ದಿನ ಶಹಾಪುರ, ಆಮೇಲೆ ಎರಡು ದಿನ ಚಿಂಚೋಳಿ ಅಂತಾಯಿತು. ಅನುಮತಿಗೆ ನಾನೇ ಹೋಗಿ ಅರ್ಜಿ ಕೊಟ್ಟು ಬಂದಿದ್ದೇನೆ. ಮನೆಗೆ ಬಂದರೆ ನಮ್ಮವ್ವ ಹಳೆಯ ಗೋಣಿಚೀಲ ಕತ್ತರಿಸಿ ಎಣ್ಣೆ ಕ್ಯಾನಿನ ಸುತ್ತ ಹೊಲಿಯುತ್ತಾ ಕೂತಿದ್ದಳು. ನಾಲ್ಕು ಜನಕ್ಕೆ ಒಂದು ಸಾಕಾಗೋದಿಲ್ಲ, ಎರಡು ಬೇಕು ಅಂದಳು.